ಹಿಮ್ಮಡಿ ಇಲ್ಲದ ಕಾಲುಚೀಲ

ಒಂದು ಒದ್ದೆ ಕಾಲುಚೀಲವನ್ನು ಯಾರ ಕಣ್ಣಿಗೂ ಬೀಳದಂತೆ ಎಲ್ಲಿ ಒಣಗಿಸುವುದು? ನಗಬೇಡ, ಎಂದು ನನಗೆ ನಾನೇ ಹೇಳಿಕೊಂಡೆ. ರಜೆಗೆಂದು ಬಂದವಳ ತಲೆಯಲ್ಲಿ ಸರೋವರವಿಲ್ಲ, ಅದರಾಚೆಯ ಗುಡ್ಡವಿಲ್ಲ, ಇರುವುದು ಇದೊಂದೇ.

ಮೊಣಕಾಲಿನ ಕೆಳಗೆ ನನ್ನ ಎಡಗಾಲು ಗೇಣುದ್ದ ಮಾತ್ರ ಉಳಿದಿದೆ. ಆ ಮೊಂಡಿಗೆ ಉಣ್ಣೆಯ ಚೀಲ ತೊಡಿಸಿ, ಅದರ ಮೇಲೆ ಕೃತಕ ಕಾಲಿನ ಬಟ್ಟಲು ಏರಿಸಿಕೊಳ್ಳಬೇಕು. ಚೀಲವನ್ನು ದಿನವೂ ಒಗೆಯಬೇಕು, ಗರಿಗರಿಯಾಗಿ ಒಣಗಿಸಬೇಕು. ಹಗ್ಗದ ಮೇಲೆ ಹರವಿದರೆ ನೋಡಿದವರಿಗೆ ಅನುಮಾನ ಬಂದೇ ಬರುತ್ತದೆ. ಅದಕ್ಕೆ ಜೋಡಿಯಿಲ್ಲ, ಹಿಮ್ಮಡಿಯೂ ಇಲ್ಲ.

ಇಲ್ಲಿಗೆ ನನ್ನನ್ನು ಎಳೆದುಕೊಂಡು ಬಂದವಳು ಚಿಕ್ಕಮ್ಮ. "ಡಿಗ್ರಿ ಮುಗೀತು, ಬಸ್ಸು ಉರುಳಿ ಎರಡು ವರ್ಷವೂ ಆಯ್ತು. ನೀನು ಮಾತ್ರ ಗೋಡೆಗೆ ಹೊಡೆದ ಕ್ಯಾಲೆಂಡರ್ ಥರ ಮನೇಲೇ ನೇತಾಡ್ತಿದ್ದೀಯ. ಏಳು," ಎಂದಳು. ನಾನು ಏಳದೆ ಬೇರೆ ದಾರಿ ಇರಲಿಲ್ಲ.

ನಾವು ಇಳಿದುಕೊಂಡ ಮನೆಯಲ್ಲಿ ಆರು ಕೋಣೆ, ಎಲ್ಲರಿಗೂ ಸೇರಿ ತಾರಸಿಯ ಮೇಲೆ ಒಂದೇ ಹಗ್ಗ. ಮನೆಯೊಡತಿ ಪ್ರತಿ ಕೋಣೆಗೂ ಒಂದೇ ಬಗೆಯ ನೀಲಿ ಗೀಟಿನ ಟವೆಲು ಕೊಟ್ಟಿದ್ದಳು. ಮೊದಲೆರಡು ದಿನ ಕೋಣೆಯೊಳಗೇ ಒಣಹಾಕಿ ನೋಡಿದೆ, ಸರಿಯಾಗಿ ಆರಲಿಲ್ಲ. ಮೂರನೆಯ ಸಂಜೆ ಹಗ್ಗದ ತುದಿಯಲ್ಲಿ ಚೀಲವನ್ನು ಹಾಕಿ, ಮೇಲೆ ಟವೆಲು ಹೊದಿಸಿ ಬಂದೆ. ಇಷ್ಟು ಜಾಣತನ ಪರೀಕ್ಷೆಯಲ್ಲಿ ತೋರಿಸಿದ್ದರೆ ರ‍್ಯಾಂಕೇ ಬರುತ್ತಿತ್ತು.

ಬೆಳಿಗ್ಗೆ ಯಾರೂ ಏಳುವ ಮೊದಲೇ ಮೇಲೆ ಹೋಗಿ, ಟವೆಲಿನಡಿ ಕೈ ಹಾಕಿ, ಸಿಕ್ಕಿದ್ದನ್ನು ಮಡಿಲಲ್ಲಿ ಅಡಗಿಸಿಕೊಂಡು ಇಳಿದೆ. ಹಾಕಿಕೊಂಡರೆ ಬಿಗಿ. ತುದಿಯ ಹೊಲಿಗೆ ಸರಿಯಾಗಿ ಮೂಳೆಯ ಮೇಲೇ ಕೂತಿತು. ಉಣ್ಣೆ ನೀರಿಗೆ ಕುಗ್ಗಿರಬೇಕು ಎಂದುಕೊಂಡೆ. ಚಿಕ್ಕಮ್ಮ ಬಾಗಿಲು ಬಡಿಯುತ್ತಿದ್ದಳು. ಹಲ್ಲು ಕಚ್ಚಿ ಕಾಲು ತೂರಿಸಿ ತಿಂಡಿಗೆ ಹೊರಟೆ.

ಊಟದ ಕೋಣೆಯ ಕಿಟಕಿ ಪಕ್ಕ ಫೋಟೋಗಳಿಗೆ ಚೌಕಟ್ಟು ಹಾಕುವವನು ಕೂತಿರುತ್ತಿದ್ದ. ಅವನ ಕೆಲಸ ನಮಗೆ ಗೊತ್ತಾದದ್ದು ಅವನ ಅಕ್ಕನಿಂದ. ಬಂದ ದಿನವೇ ಅವಳೂ ಚಿಕ್ಕಮ್ಮನೂ ಹಳೆಯ ಗೆಳತಿಯರಂತಾಗಿದ್ದರು. ಅವನ ಮೇಲೆ ನನಗೆ ಅಸಮಾಧಾನವಿತ್ತು. ಬಲಗೈಯನ್ನು ಕೋಟಿನ ಜೇಬಿನಿಂದ ತೆಗೆಯುವವನೇ ಅಲ್ಲ. ಅಕ್ಕ ಬ್ರೆಡ್ಡಿಗೆ ಬೆಣ್ಣೆ ಸವರಿ ಮುಂದಿಡಬೇಕು, ದೊರೆ ತಿನ್ನಬೇಕು. ಎಂಥ ಜಂಭ!

ಆ ದಿನ ತಿಂಡಿ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಾಗ ಅವನು ಹಿಂದೆಯೇ ಬಂದ.

"ಒಂದ್ನಿಮಿಷ. ನಿಮ್ಮದೊಂದು ವಸ್ತು ನನ್ನ ಹತ್ರ ಇದೆ ಅನ್ಸುತ್ತೆ."

"ನನ್ನದಾ? ಇಲ್ಲ, ಏನೂ ಇಲ್ಲ."

"ಉಣ್ಣೆಯದು." ಅವನು ದನಿ ತಗ್ಗಿಸಿದ. "ಬೆಳಿಗ್ಗೆ ಹಾಕ್ಕೊಂಡೆ. ನನ್ನ ಕೈ ಅದರೊಳಗೆ ಈಜಾಡ್ತಿದೆ."

ಜೇಬಿನಿಂದ ಬಲಗೈ ಹೊರಬಂತು. ರಬ್ಬರಿನ ಬೆರಳುಗಳು, ಅಂಗಡಿಯ ಗೊಂಬೆಯದರಂತೆ ನುಣುಪು. ಕೋಟಿನ ತೋಳನ್ನು ಮೇಲೆ ಸರಿಸಿದಾಗ ಇಣುಕಿದ್ದು ನನ್ನ ಚೀಲದ ಅಂಚು. ಅವನೂ ಅದೇ ಹಗ್ಗದ ಅದೇ ತುದಿಯಲ್ಲಿ, ಅದೇ ನೀಲಿ ಗೀಟಿನ ಟವೆಲಿನಡಿ ತನ್ನದನ್ನು ಬಚ್ಚಿಟ್ಟಿದ್ದ.

ನನ್ನ ಕಿವಿ ಸುಡತೊಡಗಿತು. "ನನ್ನದು ಅಂತ ಹೇಗೆ ಗೊತ್ತಾಯ್ತು?"

"ನೀವು ಹತ್ತುವಾಗ ಬಲಗಾಲು ಮುಂದೆ, ಇಳಿಯುವಾಗ ಎಡಗಾಲು ಮುಂದೆ. ಒಂದು ಸಲವೂ ತಪ್ಪಲ್ಲ. ಕಾಲು ಹೋದವರಿಗೆ ಆಸ್ಪತ್ರೇಲಿ ಹಾಗೇ ಕಲಿಸೋದು, ನೋಡಿದ್ದೀನಿ. ನನ್ನ ಚೀಲ ಎಲ್ಲಿ?"

"ಹಾಕ್ಕೊಂಡಿದ್ದೀನಿ."

"ಬಿಗಿಯಾಗಿಲ್ವಾ? ನೋಯ್ತಿಲ್ವಾ?"

"ಇಲ್ಲಪ್ಪ, ಏನೂ ಇಲ್ಲ," ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಾಯಿಂದ ಜಾರಿತು!

ಅಂದು ಸಂಜೆ ಚೀಲಗಳನ್ನು ಅದಲುಬದಲು ಮಾಡಿಕೊಂಡೆವು. ಅಂದಿನಿಂದ ಸಂಜೆ ಸಂಜೆ ಸರೋವರದ ದಂಡೆಯಲ್ಲಿ ನಡೆಯತೊಡಗಿದೆವು. ನಾನು ಮಾತು ಕಮ್ಮಿಯವಳು, ಅವನಿಗೆ ಬಾಯಿ ನಿಲ್ಲದು. ಅಂಗಡಿಯಲ್ಲಿ ಗಾಜು, ಮರ, ಅಂಟು, ಸಣ್ಣ ಮೊಳೆ. ಪಟ್ಟಿ ಕೊಯ್ಯುವ ಯಂತ್ರಕ್ಕೆ ಕೈ ಸಿಕ್ಕಿದ್ದು. ಆಮೇಲೆ ಅಂಗಡಿ ಭಾವನ ಪಾಲಾಗಿದ್ದು. "ಮೊದಲೆಲ್ಲ ಯಾವ ಕೆಲಸ ಬಂದ್ರೂ ಒಂದು ಕೈ ನೋಡೇಬಿಡೋಣ ಅಂತಿದ್ದೆ," ಎಂದು ನಕ್ಕ. "ಈಗ ಹಾಗೆ ಅಂದ್ರೆ ಭಾವ ಮುಖ ಆ ಕಡೆ ತಿರುಗಿಸ್ತಾರೆ."

ನಾನು ನಗಬೇಕೋ ಬೇಡವೋ ತಿಳಿಯದೆ ನಿಂತೆ.

"ನಗಿ ಪರವಾಗಿಲ್ಲ. ನಾನು ನಿಮ್ಮ ಕಾಲೆಳೀತಾ ಇಲ್ಲ. ಎಳೆಯೋಕೆ ಧೈರ್ಯವೂ ಇಲ್ಲ, ಕಿತ್ತು ಕೈಗೇ ಬಂದುಬಿಟ್ರೆ?"

ಆಗ ನಗು ಬಂತು. ಎರಡು ವರ್ಷದಲ್ಲಿ ನನ್ನ ಕಾಲಿನ ಬಗ್ಗೆ ಯಾರೂ ತಮಾಷೆ ಮಾಡಿರಲಿಲ್ಲ. ಮನೆಯಲ್ಲಿ ಆ ಪದವೇ ನಿಷಿದ್ಧ. ಅಮ್ಮ ಮೇಜಿನ ಕಾಲು ಮುರಿದಿದೆ ಎಂದು ಹೇಳಲೂ ತಡವರಿಸುತ್ತಾಳೆ. ಅವನ ಪಕ್ಕ ನಡೆಯುತ್ತಾ ನಾನು ಅವನ ಎಡಗೈಯನ್ನೇ ನೋಡುತ್ತಿದ್ದೆ. ಕಿರುಬೆರಳು ನನ್ನ ಬೆರಳಿಗೆ ತಾಗಿ ತಾಗದಂತೆ ತೂಗುತ್ತಿತ್ತು. ಒಂದು ಸಂಜೆ ತಾಗಿತು, ಇಬ್ಬರೂ ತೆಗೆಯಲಿಲ್ಲ.

ಆದರೆ ಸ್ನಾನದ ಮನೆಯ ಸ್ಟೂಲಿನ ಮೇಲೆ ಕೂತು ಕಾಲು ಕಳಚಿದಾಗ ಬೇರೆಯದೇ ಕಥೆ. ಮೊಂಡಿನ ತುದಿಯಲ್ಲಿ, ಆ ಬಿಗಿ ಚೀಲದ ಹೊಲಿಗೆ ಒತ್ತಿದ್ದಲ್ಲಿ, ಮೊದಲು ಕೆಂಪು, ಆಮೇಲೆ ಬೊಕ್ಕೆ. ಮಾರನೆಯ ಸಂಜೆಯ ನಡಿಗೆಗೆ ಬೊಕ್ಕೆ ಒಡೆಯಿತು. ಹತ್ತಿ ಇಟ್ಟು ನಡೆದೆ, ಹತ್ತಿ ಅಂಟಿಕೊಂಡಿತು. ಕಿತ್ತಾಗ ಹಿಸುಕಿದ ಟೊಮೇಟೊದಂತೆ ಕಂಡಿತು.

ನನ್ನ ಕಾಲು ತಯಾರಿಸಿಕೊಟ್ಟವರನ್ನು ನಾವು ಕಾಲಿನ ಮೇಷ್ಟ್ರು ಎನ್ನುತ್ತೇವೆ. ಅವರ ಮಾತು ನಲ್ಲಿಯ ನೀರಿನ ಸದ್ದಿನಲ್ಲೂ ಕೇಳುತ್ತಿತ್ತು: "ಹುಣ್ಣಾದ್ರೆ ಆ ಕ್ಷಣ ಕಳಚಿ ಊರುಗೋಲು ಹಿಡಿ. ಒಣಜಂಭಕ್ಕೆ ನಡೆದವರನ್ನ ನಾನು ನೋಡಿದ್ದೀನಿ, ತಾಯಿ. ಅವರನ್ನ ಮತ್ತೆ ಟೇಬಲ್ ಮೇಲೆ ಮಲಗಿಸಬೇಕಾಯ್ತು. ಮೊಂಡು ಇನ್ನೂ ಗಿಡ್ಡ ಆಯ್ತು."

ಊರುಗೋಲು ಕಪಾಟಿನ ಹಿಂದೆ ಇತ್ತು. ತೆಗೆದರೆ ನಡಿಗೆ ನಿಂತುಹೋಗುತ್ತದೆ. ಹುಣ್ಣಾದದ್ದು ತನ್ನ ಚೀಲದಿಂದ ಎಂದು ಅವನಿಗೆ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ದಿಗಿಲು ಬೇರೆ ಇತ್ತು. ಅವನು ರಬ್ಬರ್ ಕೈಯನ್ನು ಪೆಟ್ಟಿಗೆಗೆ ಹಾಕಿ, ತೋಳು ಮಡಚಿ, ಎಲ್ಲರೆದುರು ಬರಿ ಮೊಂಡುಗೈಯಲ್ಲೇ ತಿಂಡಿಗೆ ಬರತೊಡಗಿದ್ದ. ಬ್ರೆಡ್ಡನ್ನು ಅದರಿಂದ ಒತ್ತಿಹಿಡಿದು ತಾನೇ ಬೆಣ್ಣೆ ಸವರುತ್ತಿದ್ದ. ಅವನ ಅಕ್ಕ ನನ್ನನ್ನು ಮೂಲೆಗೆ ಕರೆದು, ಕಣ್ಣೊರೆಸಿಕೊಂಡು, "ನಿಮ್ಮನ್ನ ನೋಡಿ ಕಲ್ತದ್ದಂತಮ್ಮಾ. 'ಅವರನ್ನ ನೋಡು, ನೋವು ಅನ್ನೋದೇ ಗೊತ್ತಿಲ್ಲ' ಅಂತಾನೆ," ಎಂದಳು.

ಆ ಮಾತು ಹುಣ್ಣಿಗಿಂತ ಹೆಚ್ಚು ಉರಿಯಿತು.

"ಮುಖ ಯಾಕೆ ಬಿಳಿಚ್ಕೊಂಡಿದೆ?" ಎಂದಳು ಚಿಕ್ಕಮ್ಮ.

"ಏನೂ ಇಲ್ಲ."

"ನಿನ್ನ ಏನೂ-ಇಲ್ಲಗಳನ್ನೆಲ್ಲ ಪೋಣಿಸಿದ್ರೆ ಮಾರುದ್ದದ ಸರ ಆಗುತ್ತೆ ಕಣೇ. ಪ್ರೀತಿ-ಗೀತಿ ಏನಾದ್ರೂನಾ?"

"ಚಿಕ್ಕಮ್ಮಾ!"

"ಸರಿ ಸರಿ, ನಾನೇನೂ ಕೇಳ್ಲಿಲ್ಲ."

ಊರಿಗೆ ಹೊರಡುವ ಹಿಂದಿನ ದಿನ ಅವನು, "ಇವತ್ತು ಆಚೆ ದಡದ ದೋಣಿಮನೆವರೆಗೂ ಹೋಗೋಣ," ಎಂದ. ಅಲ್ಲಿಗೆ ಗಾಡಿ ಹೋಗುವುದಿಲ್ಲ, ಕಲ್ಲು ಹಾಸಿದ ಕಾಲುದಾರಿ ಮಾತ್ರ. ಹೂಂ ಎಂದೆ. ಬೆಳಿಗ್ಗೆಯಿಂದ ಮೈ ಸ್ವಲ್ಪ ಬಿಸಿಯಿತ್ತು, ಜ್ವರವೋ, ಹೆದರಿಕೆಯೋ. ಎರಡು ಪದರ ಬಟ್ಟೆ ಸುತ್ತಿ, ಉಸಿರು ಬಿಗಿಹಿಡಿದು ಬಟ್ಟಲಿಗೆ ಕಾಲಿಟ್ಟೆ.

ಪ್ರತಿ ಕಲ್ಲೂ ನೆತ್ತಿಗೆ ತಾಗುತ್ತಿತ್ತು. ಅವನು ಎಡಬಿಡದೆ ಮಾತಾಡುತ್ತಿದ್ದ. "ಭಾವಂಗೆ ಫೋನಲ್ಲಿ ಹೇಳ್ಬಿಟ್ಟೆ, ಹೋದ ತಕ್ಷಣ ಅಂಗಡಿಗೆ ಬರ್ತೀನಿ ಅಂತ. ಅಳತೆ ನನ್ನದು, ಮೊಳೆ ಅವರದ್ದು. ನಕ್ಕರೆ ನಗಲಿ. ನೀವು ಹೀಗೆ ನಡೆಯೋದನ್ನ ನೋಡ್ದೇ ಇದ್ದಿದ್ರೆ ಈ ಕೈ ಇನ್ನೂ ಜೇಬಲ್ಲೇ ಇರ್ತಿತ್ತು."

ಬಟ್ಟಲಿನೊಳಗೆ ಏನೋ ಬೆಚ್ಚಗೆ ಜಿನುಗಿತು. ಬೆವರು ಇರಲಿ, ದೇವರೇ, ಬೆವರೇ ಇರಲಿ. ದೋಣಿಮನೆಯ ಕೆಂಪು ಹೆಂಚಿನ ಮಾಡು ಇನ್ನೂ ಬೆಂಕಿಪೊಟ್ಟಣದಷ್ಟೇ ಕಾಣುತ್ತಿತ್ತು. ತಿರುಗಿ ನೋಡಿದರೆ ನಮ್ಮ ಮನೆಯೂ ಅಷ್ಟೇ ದೂರ.

ಅವನು ನಿಂತ. ಮಾತಿನ ಮಲ್ಲ, ಮೊದಲ ಸಲ ತೊದಲಿದ. "ಒಂದು ಕೇಳ್ಬೇಕಿತ್ತು. ಊರಿಗೆ ಹೋದ ಮೇಲೂ... ನಿಮ್ಮನ್ನ ನೋಡೋಕೆ ಬರಲಾ? ಸುಮ್ನೆ ಅಲ್ಲ. ಮನೇಲಿ ಹೇಳಿ ಬರ್ತೀನಿ."

ಈ ಮಾತನ್ನು ನಾನು ಎಷ್ಟು ಬಗೆಯಲ್ಲಿ ಕಲ್ಪಿಸಿಕೊಂಡಿದ್ದೆ! ಬನ್ನಿ ಎನ್ನುವುದಷ್ಟೇ ಬಾಕಿ. ನಾಲಿಗೆ ತುದಿಗೂ ಬಂತು. ಆದರೆ ಅವನು ನೋಡಲು ಬರುವುದು ಯಾರನ್ನು? ನೋವೇ ಇಲ್ಲದ ಒಬ್ಬಳನ್ನು. ನಾನು ಬಾಗಿಲು ತೆರೆದಾಗಲೆಲ್ಲ ಅವಳೇ ನಿಂತಿರಬೇಕು, ಅವಳೇ ನಗಬೇಕು. ನಾನು ಸ್ನಾನದ ಮನೆಯಲ್ಲಿ ಚಿಲಕ ಹಾಕಿಕೊಂಡು ಹತ್ತಿ ಕೀಳುತ್ತಿರಬೇಕು, ಜೀವಮಾನವಿಡೀ. ಹೇಳಿದರೆ ಅವನ ಕೈ ಮತ್ತೆ ಜೇಬು ಸೇರಬಹುದು. ಹೇಳದಿದ್ದರೆ ನನ್ನ ಕಾಲು ಇನ್ನಷ್ಟು ಗಿಡ್ಡವಾಗಬಹುದು.

"ಬೇಡ್ವಾ?" ಎಂದ ಅವನು, ಮೆಲ್ಲಗೆ. "ಏನಾಯ್ತು?"

ಏನೂ ಇಲ್ಲ ಎಂಬುದು ಅಭ್ಯಾಸಬಲದಿಂದ ಗಂಟಲವರೆಗೆ ಬಂತು. ನುಂಗಿದೆ. ದಾರಿ ಬದಿಯ ಗೋಡೆಯನ್ನು ಹಿಡಿದುಕೊಂಡೆ. ನನ್ನ ದನಿ ನನಗೇ ಬೇರೆ ಯಾರದೋ ಎನ್ನುವಂತೆ ಕೇಳಿಸಿತು.

"ನೋಯ್ತಿದೆ," ಎಂದೆ. "ಮೊದಲ ದಿನದಿಂದ ನೋಯ್ತಿದೆ. ಇನ್ನು ಒಂದು ಹೆಜ್ಜೆಯೂ ನನ್ನಿಂದ ಆಗಲ್ಲ."