ಬೀಗರಿಗೆ ಪುದೀನಾ ಮಂಜು

ಹಲ್ಲಿನ ಡಾಕ್ಟರ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ಜನ: ದಿನಾ ಹಲ್ಲುಜ್ಜುವವರು, ಉಜ್ಜುತ್ತೇವೆಂದು ಸುಳ್ಳು ಹೇಳುವವರು. ಮೊದಲನೆಯ ಬಗೆಯವರು ಅವರ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ್ದನ್ನು ಯಾರೂ ನೋಡಿಲ್ಲ. ಮೂವತ್ತು ವರ್ಷದಿಂದ ಪಕ್ಕದಲ್ಲಿ ನಿಂತು ಇಕ್ಕಳ, ಕನ್ನಡಿ, ಹತ್ತಿ ಎತ್ತಿಕೊಡುವ ಅಕ್ಕನಿಗೆ ಈ ಪ್ರವಚನ ಬಾಯಿಪಾಠ. "ದಿನಾ ಉಜ್ತೀರಾ?" ಎಂದು ಡಾಕ್ಟರು ಕೇಳುವುದು, ಕುರ್ಚಿಯಲ್ಲಿ ಮಲಗಿದವರು "ಹ್ಞೂಂ" ಎಂದು ಗಂಟಲಲ್ಲೇ ಸುಳ್ಳು ಹೊರಡಿಸುವುದು, ಆಮೇಲೆ ಕಾಲು ಗಂಟೆ ಉಪದೇಶ. ಬಾಯಿ ತೆರೆದುಕೊಂಡೇ ಇರಬೇಕಾದವರು ಎದುರು ಮಾತಾಡುವುದಾದರೂ ಹೇಗೆ?

ಬೀಗರು ಬಂದದ್ದು ಹತ್ತು ತಿಂಗಳ ಹಿಂದೆ. ಬೀಗರು ಅಂದರೆ ಒಂದು ಗೋಸುಂಬೆ. ಡ್ರಿಲ್ಲಿನ ಸದ್ದು ಕೇಳಿಯೇ ಬೆವರುವ ರೋಗಿಗಳಿಗೆ ನೋಡಲು ಏನಾದರೂ ಇರಲಿ ಎಂದು ಡಾಕ್ಟರು ಅದನ್ನು ತಂದು, ಕಾಯುವ ಕೋಣೆಯಲ್ಲಿ ಜಾಲರಿಯ ಗೂಡು ಇಡಿಸಿದರು. ಒಳಗೆ ಗಿಡ, ಕೊಂಬೆ, ಮೇಲೊಂದು ದೀಪ. ಗೂಡಿನ ಕೆಳಗೆ ನೀರಿನ ಟ್ಯಾಂಕು, ಪಂಪು. ನೆತ್ತಿಯಲ್ಲಿ ಎರಡು ನಾಜಲ್. ದಿನಕ್ಕೆ ಮೂರು ಸಲ ಯಂತ್ರ ತಾನಾಗಿಯೇ 'ಸ್ಸ್' ಎಂದು ಮಂಜು ಉದುರಿಸುವುದು, ಎಲೆಯ ಮೇಲೆ ನಿಂತ ಹನಿಗಳನ್ನು ಗೋಸುಂಬೆ ನೆಕ್ಕುವುದು. ಕೊಂಬೆಯ ಮೇಲೆ ಹೊಟ್ಟೆ ಬಿಟ್ಟು ಕೂತು, ಒಂದು ಕಣ್ಣಲ್ಲಿ ಪೀಠೋಪಕರಣವನ್ನೂ ಇನ್ನೊಂದರಲ್ಲಿ ಮನುಷ್ಯರನ್ನೂ ಅಳೆದು, ಯಾವುದೂ ಮನಸ್ಸಿಗೆ ಬಾರದೆ ಮುಖ ಗಂಟಿಕ್ಕಿಕೊಂಡ ಪ್ರಾಣಿಗೆ ಅಕ್ಕನೇ ಆ ಹೆಸರಿಟ್ಟಳು. ಅವಳ ಮಗಳನ್ನು ನೋಡಲು ಬಂದ ದಿನ ನಿಜವಾದ ಬೀಗರು ಥೇಟ್ ಹೀಗೇ ಕೂತಿದ್ದರು.

"ಹಲ್ಲಿ ಜಾತಿದನ್ನ ನಾನಂತೂ ಮುಟ್ಟಲ್ಲ" ಎಂದಿದ್ದ ಅಕ್ಕ ಮೂರನೇ ವಾರಕ್ಕೆಲ್ಲ ಬೀಗರಿಗೆ ತಾನೇ ಮಿಡತೆ ತಿನ್ನಿಸುತ್ತಿದ್ದಳು. ಕೈಯಲ್ಲಲ್ಲ, ಇಕ್ಕಳದಲ್ಲಿ ಹಿಡಿದು. ಆ ಉದ್ದ ನಾಲಿಗೆ ಚಿಮ್ಮಿ ಮಿಡತೆಯನ್ನು ಕಸಿದುಕೊಂಡಾಗಲೆಲ್ಲ ಅವಳ ಜೀವ ಹಿಗ್ಗುತ್ತಿತ್ತು.

ಆದರೆ ಟ್ಯಾಂಕಿಗೆ ಮಾತ್ರ ಯಾರೂ ಕೈ ಹಾಕುವಂತಿರಲಿಲ್ಲ. "ಅದು ಸೂಕ್ಷ್ಮದ ಯಂತ್ರ ಅಕ್ಕ, ನಾನೇ ನೋಡ್ಕೋತೀನಿ" ಎಂದಿದ್ದರು ಡಾಕ್ಟರು. ಅವರು ನೋಡಿಕೊಳ್ಳುವುದೆಂದರೆ ಬೆಳಿಗ್ಗೆ ಒಂದು ಚೊಂಬು ನೀರನ್ನು ಮೇಲಿಂದ ಸುರಿದು ಮುಚ್ಚಳ ಹಾಕುವುದು, ಅಷ್ಟೇ.

ಒಂದು ಸೋಮವಾರ ಬಲಗಡೆಯ ನಾಜಲ್ ಮಂಜು ಉದುರಿಸುವುದನ್ನು ಬಿಟ್ಟು ಉಗುಳಲು ಶುರು ಮಾಡಿತು. ಕೋಣೆಯಲ್ಲೆಲ್ಲ ಮುಗ್ಗಲು ವಾಸನೆ.

"ಟ್ಯಾಂಕು ಖಾಲಿ ಮಾಡಿ ಒಂದ್ಸಲ ಉಜ್ಜಿ ತೊಳೀರಿ ಸಾರ್" ಎಂದಳು ಅಕ್ಕ.

ಡಾಕ್ಟರು ತೊಳೆಯಲಿಲ್ಲ. ಬಾಯಿ ವಾಸನೆ ಎಂದು ಬಂದವರಿಗೆ ಮೂವತ್ತು ವರ್ಷದಿಂದ ಏನು ಬರೆದುಕೊಡುತ್ತಿದ್ದರೋ ಅದನ್ನೇ ಟ್ಯಾಂಕಿಗೂ ಕೊಟ್ಟರು. ಪುದೀನಾ ಮೌತ್‌ವಾಶ್, ಎರಡು ಮುಚ್ಚಳ. ಮುಂದಿನ ಮಂಜಿಗೆ ಕೋಣೆ ಘಮ್ಮೆಂದಿತು, ರೋಗಿಗಳು ಆಹಾ ಎಂದರು, ಡಾಕ್ಟರು ಆ ದಿನವಿಡೀ ಸೀಟಿ ಹೊಡೆಯುತ್ತ ಹಲ್ಲು ಕಿತ್ತರು.

ನಾಲ್ಕನೇ ದಿನ ಬೀಗರು ತಲೆ ಮೇಲೆತ್ತಿ ಬಾಯಿ ತೆರೆದರು. ತೆರೆದವರು ಮುಚ್ಚಲಿಲ್ಲ.

ಡಾಕ್ಟರಿಗೆ ಅದಕ್ಕಿಂತ ಇನ್ನೇನು ಬೇಕು? ಟಾರ್ಚು ತಂದರು, ಪುಟ್ಟ ಕನ್ನಡಿ ತಂದರು, ಬಗ್ಗಿ ಎಡಬಲ ಪರೀಕ್ಷಿಸಿದರು. "ನೋಡಿ ಅಕ್ಕ, ಒಂದೇ ಒಂದು ಹುಳುಕಿಲ್ಲ! ಇಂಥ ಬಾಯಿ ನಾನು ಇಡೀ ಊರಲ್ಲಿ ನೋಡಿಲ್ಲ!" ಕೆನ್ನೆ ಊದಿಸಿಕೊಂಡು ಕೂತಿದ್ದ ಒಬ್ಬ ದರ್ಜಿಯನ್ನು ಎಬ್ಬಿಸಿ ಕರೆದು ತೋರಿಸಿದರು. "ನೋಡಿ ಕಲೀರಿ."

ಅಕ್ಕನಿಗೆ ಹಲ್ಲು ಕಾಣಲಿಲ್ಲ. ಮೂಗಿನ ತುದಿಯಲ್ಲಿ ಸಣ್ಣ ಗುಳ್ಳೆ ಎದ್ದು ಒಡೆಯುತ್ತಿದ್ದದ್ದು ಕಂಡಿತು. ಹಾಡಹಗಲಲ್ಲಿ ಒಂದು ಕಣ್ಣು ಮುಚ್ಚಿದ್ದದ್ದು ಕಂಡಿತು. ಮಿಡತೆ ಹಿಡಿದರೆ ಬೀಗರು ತಿರುಗಿಯೂ ನೋಡಲಿಲ್ಲ. ಅವಳು ಇಕ್ಕಳ ಕೆಳಗಿಟ್ಟಳು.

"ಸಾರ್, ಅವರು ಹಲ್ಲು ತೋರಿಸ್ತಿಲ್ಲ. ಉಸಿರಿಗೆ ಒದ್ದಾಡ್ತಿದಾರೆ."

ಮೂವತ್ತು ವರ್ಷದಲ್ಲಿ ಮೊದಲ ಸಲ ಅಪ್ಪಣೆ ಕೇಳದೆ ಟ್ಯಾಂಕಿನ ಮುಚ್ಚಳ ತೆಗೆದಳು. ಒಳಗೋಡೆಗೆ ಬೆರಳು ಎಳೆದು, ಅಂಟಿಬಂದ ಹಸಿರು ಲೋಳೆಯನ್ನು ಡಾಕ್ಟರ ಕನ್ನಡಕದ ಮುಂದೆ ಹಿಡಿದಳು. "ಇದನ್ನ ಯಾರ ಬಾಯಲ್ಲಾದ್ರೂ ನೋಡಿದ್ರೆ ಸುಮ್ನೆ ಬಿಡ್ತಿದ್ರಾ?"

ಡಾಕ್ಟರು ಬಿಳಿಚಿಕೊಂಡರು. ದರ್ಜಿ ಕೆನ್ನೆನೋವು ಮರೆತು ನಕ್ಕ.

ಕೈಗವಸಿನ ಖಾಲಿ ಡಬ್ಬಿಗೆ ತೂತು ಕೊರೆದು, ಟವಲ್ ಹಾಸಿ, ಬೀಗರನ್ನು ಅದರಲ್ಲಿ ಕೂರಿಸಿಕೊಂಡು ಇಬ್ಬರೂ ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದರು. ಆಕೆ ಹಲ್ಲಿನ ಡಾಕ್ಟರ ಅರ್ಧ ವಯಸ್ಸಿನ ಹುಡುಗಿ. ಎದೆಗೆ ಕಿವಿಗೊಟ್ಟು ಕೇಳಿದಳು, ಮುಖ ಚಿಕ್ಕದು ಮಾಡಿದಳು.

"ಶ್ವಾಸಕೋಶಕ್ಕೆ ಹೊಡೆದಿದೆ. ಉಳಿಯತ್ತೋ ಇಲ್ವೋ ಹೇಳೋಕಾಗಲ್ಲ. ಬರೀ ಸೋಂಕಾದ್ರೆ ಒಂದು ಮದ್ದು, ಒಳಗೆ ಇನ್ನೇನಾದ್ರೂ ಹೋಗಿದ್ರೆ ಬೇರೆ. ತಪ್ಪು ಮದ್ದು ಕೊಟ್ರೆ ಇದು ತಡ್ಕೊಳಲ್ಲ." ಪೆನ್ನು ಎತ್ತಿಕೊಂಡಳು. "ಮಂಜಿನ ಟ್ಯಾಂಕು ವಾರಕ್ಕೊಂದ್ಸಲನಾದ್ರೂ ತೊಳೀತೀರಾ?"

ಡಾಕ್ಟರ ಗಂಟಲಿಂದ ಒಂದು ಸದ್ದು ಹೊರಟಿತು. "ಹ್ಞೂಂ."

ಆ ಹ್ಞೂಂ ಅಕ್ಕನಿಗೆ ಗುರುತು ಸಿಗದೇ ಇರುತ್ತದೆಯೇ? ಅವಳಿಗೆ ರೇಗಿತು, ಅಳುವೂ ಬಂತು. ಮೂರು ಎಣಿಸುತ್ತೇನೆ, ಅಷ್ಟರಲ್ಲಿ ಈ ಮನುಷ್ಯ ಬಾಯಿ ಬಿಡದಿದ್ದರೆ ನಾನೇ ಹೇಳಿಬಿಡುತ್ತೇನೆ, ಕೆಲಸ ಹೋದರೆ ಹೋಗಲಿ ಎಂದುಕೊಂಡು ಎಣಿಸತೊಡಗಿದಳು.

ಎರಡಕ್ಕೆ ಡಾಕ್ಟರು ಡಬ್ಬಿಯೊಳಗೆ ನೋಡಿದರು. ಬೀಗರ ತೆರೆದಿದ್ದ ಒಂದೇ ಕಣ್ಣು ಅವರ ಮೇಲೇ ಇತ್ತು.

"ಇಲ್ಲಮ್ಮ" ಎಂದರು. "ಎಂಟು ತಿಂಗಳಲ್ಲಿ ಒಂದ್ಸಲನೂ ತೊಳೆದಿಲ್ಲ. ಹಳೇ ನೀರಿನ ಮೇಲೇ ಹೊಸದು ಸುರಿದೆ. ವಾಸನೆ ಬಂತು ಅಂತ ಮೌತ್‌ವಾಶ್ ಹಾಕ್ದೆ."

"ಮೌತ್‌ವಾಶಾ?"

"ಪುದೀನಾದು."

ಹುಡುಗಿ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದಳು. ಆಮೇಲೆ ಬೇರೆ ಕಪಾಟು ತೆರೆದು ಬೇರೆ ಮದ್ದು ತೆಗೆದಳು.

ಹತ್ತೊಂಬತ್ತನೇ ದಿನ ಬೀಗರು ಅಕ್ಕನ ಇಕ್ಕಳದಿಂದ ಮಿಡತೆ ಕಸಿದರು. ಅಕ್ಕ ರೋಗಿಗಳೆದುರೇ ಅತ್ತುಬಿಟ್ಟಳು. ಈಗ ಪ್ರತಿ ಶನಿವಾರ ಡಾಕ್ಟರು ಅಂಗಿಯ ತೋಳು ಮಡಚಿ ಕೂರುತ್ತಾರೆ. ನಾಜಲ್ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕುತ್ತಾರೆ, ಟ್ಯಾಂಕನ್ನೂ ಪೈಪನ್ನೂ ಬ್ರಷ್ಷಿನಿಂದ ಉಜ್ಜುತ್ತಾರೆ, ಹುಳಿ ವಾಸನೆ ಪೂರ್ತಿ ಹೋಗುವ ತನಕ ಬರೀ ನೀರು ಹಾಯಿಸಿ, ಒಣಗಿಸಿ ಜೋಡಿಸುತ್ತಾರೆ. ಅಕ್ಕ ಬಾಯಿ ನೋಡುವ ಕನ್ನಡಿ ಹಿಡಿದು ಮೂಲೆಮೂಲೆ ಪರೀಕ್ಷಿಸುತ್ತಾಳೆ. "ಈ ಸಂದು ಬಿಟ್ಟಿದೀರಿ ಸಾರ್" ಎಂದರೆ ಅವರು ಮತ್ತೆ ಉಜ್ಜುತ್ತಾರೆ.

ಮೊನ್ನೆ ದರ್ಜಿ ಮತ್ತೆ ಬಂದ. ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದ.

"ದಿನಾ ಉಜ್ತೀರಾ?"

"ಹ್ಞೂಂ."

ಅಕ್ಕ ಉಪದೇಶಕ್ಕೆ ಕಾದಳು. ಡಾಕ್ಟರ ಕೈ ಗಾಳಿಯಲ್ಲೇ ಒಂದು ಕ್ಷಣ ನಿಂತಿತು.

"ನಾನೂ ಹಾಗೇ ಅಂದಿದ್ದೆ" ಎಂದರು. "ಇಕ್ಕಳ ಕೊಡಿ ಅಕ್ಕ."