ಕತ್ತರಿ ಮುಟ್ಟದ ಟಗರು

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಏಕನಾಥಮ್ಮ ಕುರಿರೊಪ್ಪದ ಕಲ್ಲುಗೋಡೆಯ ಸಂದಿಗೆ ಕೈ ಹಾಕಿದಳು. ಪ್ರತಿ ವರ್ಷ ಅದು ಅವಳ ಗಂಡ ಪಾಪಣ್ಣನ ಕೆಲಸ. ಪುಷ್ಯದ ಚಳಿಗೆ ಕಲ್ಲು ಕೊರೆಯುತ್ತಿರುತ್ತಿತ್ತು. ಅವನು ಸಂದಿಯೊಳಗಿನ ಧೂಳನ್ನು ಗೋರಿ ಅಂಗೈ ಮೇಲೆ ಹರಡಿಕೊಂಡು, ಅದರಲ್ಲಿ ಒಣಗಿ ಹೊಟ್ಟಾಗಿದ್ದ ಉಣ್ಣಿಗಳನ್ನು ಹೆಬ್ಬೆರಳಿನಿಂದ ಉಜ್ಜಿ ಗಾಳಿಗೆ ಊದಿಬಿಡುತ್ತಿದ್ದ. "ಬೀರಪ್ಪ ದೇವ್ರು ಈ ವರ್ಷನೂ ಕಾವಲು ಕಾದಾನೆ ನೋಡೇ," ಎನ್ನುತ್ತಿದ್ದ. ಅಲ್ಲಿಂದ ಮುಂದೆ ಕಾಮನ ಹುಣ್ಣಿಮೆಯವರೆಗೆ ಉಣ್ಣಿಯ ಯೋಚನೆ ಯಾರಿಗೂ ಇರುತ್ತಿರಲಿಲ್ಲ.

ಈ ಸಲ ಕಲ್ಲು ತಣ್ಣಗಿರಲಿಲ್ಲ. ಆಗತಾನೆ ಈದ ಕುರಿಯ ಕೆಚ್ಚಲಿನ ಹಾಗೆ ಬೆಚ್ಚಗಿತ್ತು. ಅವಳು ಕೈ ಹಿಂದಕ್ಕೆ ತೆಗೆಯುವ ಮೊದಲೇ ಏನೋ ಒಂದು ಬಳೆಯಿಲ್ಲದ ಮಣಿಕಟ್ಟಿನ ಮೇಲೆ ಹರಿದು ತೋಳಿನ ಕಡೆಗೆ ನಡೆಯಿತು.

ಅದನ್ನು ಕೊಡವಿದಳು. ಮನೆಗೆ ಹೋಗಿ ಕೈ ತೊಳೆದಳು. ಯಾರಿಗೂ ಹೇಳಲಿಲ್ಲ. ಸತ್ತವನ ಕೆಲಸಕ್ಕೆ ಹೆಂಗಸು ಕೈ ಹಾಕಿದ್ದೇ ತಪ್ಪಾಯಿತೇನೋ ಎಂದು ಅವಳಿಗೆ ಒಳಗೊಳಗೇ ಅನ್ನಿಸಿತ್ತು.

ಆ ವರ್ಷ ಚಳಿ ಬರಲೇ ಇಲ್ಲ. ಮಗ ಓಬಳೇಶನ ಕಂಬಳಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಹೊಳಲ್ಕೆರೆ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಮೂಡಗಾಳಿಯಿಲ್ಲದೆ ತೋಳು ಚಾಚಿಕೊಂಡು ಸುಮ್ಮನೆ ನಿಂತಿದ್ದವು. ಪುಷ್ಯದಲ್ಲಿ ಮಳೆಯೂ ಒಂದು ಹದ ಬಿತ್ತು. ಬಾರೆಯ ದಿಣ್ಣೆ ಮೇಲೆ ಅಕಾಲದಲ್ಲಿ ಹುಲ್ಲು ಚಿಗುರಿದಾಗ ಜನ ಒಳ್ಳೆಯದೇ ಆಯಿತೆಂದು ಹಿಗ್ಗಿದರು.

ಮಂದೆಯ ಮುಂದೆ ನಡೆಯುತ್ತಿದ್ದದ್ದು ದೇವರ ಟಗರು. ತಾಯಿ ಸತ್ತ ಮರಿಯಾಗಿದ್ದಾಗ ಪಾಪಣ್ಣ ಅದನ್ನು ಬಾಟಲಿ ಹಾಲು ಕುಡಿಸಿ ಸಾಕಿದ್ದ. ಉಂಡೆದ್ದು ಕೈ ತೊಳೆದರೆ ಅದರ ಬೆನ್ನಿಗೇ ಒರೆಸಿಕೊಳ್ಳುತ್ತಿದ್ದ. ಅವನು ಹಾಸಿಗೆ ಹಿಡಿದಾಗ ಏಕನಾಥಮ್ಮ ಬೀರಪ್ಪನ ಗುಡಿಯಲ್ಲಿ ಹರಕೆ ಹೊತ್ತಳು. ಗಂಡ ಉಳಿದರೆ ಈ ಟಗರಿಗೆ ಮುಂದಿನ ಯುಗಾದಿಯವರೆಗೆ ಕತ್ತರಿ ಮುಟ್ಟಿಸುವುದಿಲ್ಲ, ಮದ್ದು ಸೋಕಿಸುವುದಿಲ್ಲ. ಯುಗಾದಿಯ ದಿನ ಗುಡಿಯ ಮುಂದೆ ಅದರ ತುಪ್ಪಟ ಕತ್ತರಿಸಿ, ನೂತು, ದೇವರಿಗೆ ಕಂಬಳಿ ನೇಯಿಸುತ್ತೇನೆ ಎಂದಿದ್ದಳು. ಪಾಪಣ್ಣ ಕಾರ್ತಿಕದಲ್ಲಿ ತೀರಿಕೊಂಡ.

"ಇನ್ಯಾಕವ್ವ ಹರಕೆ? ಅಪ್ಪನೇ ಇಲ್ಲ," ಎಂದಿದ್ದ ಓಬಳೇಶ.

"ಅವನು ಕೊಡ್ಲಿಲ್ಲ ಅಂತ ನಾನು ಆಡಿದ ಮಾತು ನುಂಗಿದ್ರೆ ಅದು ಭಕ್ತಿ ಆಗ್ತದೇನಪ್ಪ? ಯಾಪಾರ ಆಗ್ತದೆ," ಎಂದಳು ಏಕನಾಥಮ್ಮ. ಆ ಮಾತು ಅಲ್ಲಿಗೆ ನಿಂತಿತು.

ತುಪ್ಪಟ ಬೆಳೆದು ಬೆಳೆದು ಟಗರು ನೋಡಲು ಭಾರಿಯಾಯಿತು. ಪಕ್ಕದ ಹಟ್ಟಿಯ ಎತ್ತಪ್ಪ ದಾರಿಯಲ್ಲಿ ಕಂಡಾಗಲೆಲ್ಲ ಬೈಕು ನಿಲ್ಲಿಸುತ್ತಿದ್ದ. "ಅತ್ತಿಗಮ್ಮ, ಇದು ಟಗರೋ ಹತ್ತಿ ಲಾರಿಯೋ? ಏನು ಮೇಯಿಸ್ತೀರಿ, ನಮ್ಗೂ ಹೇಳ್ರಿ!"

"ನಿನ್ ಕಣ್ಣು ಬಿದ್ದಾತು, ಹೋಗಲೇ ಅತ್ಲಾಗೆ," ಎಂದು ಅವಳು ಗದರುತ್ತಿದ್ದಳು. ಆದರೂ ಒಳಗೆ ಹಿಗ್ಗುತ್ತಿದ್ದಳು. ದೇವರು ಹರಕೆಯನ್ನು ಒಪ್ಪಿಕೊಂಡಿದ್ದಾನೆ ಎನ್ನಲು ಅದೊಂದೇ ಗುರುತು ಉಳಿದಿತ್ತು.

ಮಾಘ ಹುಟ್ಟುತ್ತಿದ್ದಂತೆ ಒಂದು ಕುರಿ ಮೇವು ಬಿಟ್ಟಿತು. ಅದರ ಉಚ್ಚೆ ಕೆಂಪಾಗಿತ್ತು. ಮರುದಿನ ಸತ್ತಿತು. ಹಿಂದೆಯೇ ಇನ್ನೊಂದು. ಓಬಳೇಶ ಫೋನು ಮಾಡಿ ಪಶುವೈದ್ಯೆ ಮೇಘಶ್ರೀಯನ್ನು ಕರೆಸಿದ. ಆಕೆ ಸತ್ತ ಕುರಿಯ ಕಿವಿ ಮಗುಚಿ ನೋಡಿದಳು. ಎದ್ದು ಗೋಡೆಯ ಸಂದಿಗೆ ಮೊಬೈಲಿನ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು.

"ಉಣ್ಣಿ ಜ್ವರ. ಚಳಿ ಬಿದ್ದಿದ್ರೆ ಇವು ಸಂದಿ ಒಳಗೇ ಮರಗಟ್ಟಿ ಕೂತಿರ್ತಿದ್ವು, ಒಣಗಾಳಿಗೆ ಮೊಟ್ಟೆನೂ ಸೀದು ಹೋಗ್ತಿದ್ವು. ಈ ವರ್ಷ ಚಳಿನೂ ಇಲ್ಲ, ಸಾಲದ್ದಕ್ಕೆ ಮಳೆ ಬೇರೆ. ಒಂದು ತಿಂಗಳು ಮುಂಚೆನೇ ಎದ್ದುಬಿಟ್ಟಾವೆ."

"ನಾವು ಗೋಡೆ ಸಂದಿಗೆ ಮಣ್ಣು ಮೆತ್ತೋದು ಕಾಮನ ಹುಣ್ಣಿಮೆ ಆದ್ಮೇಲೆ ಮೇಡಮ್ಮೋರೆ," ಎಂದ ಓಬಳೇಶ.

"ಅವಕ್ಕೆ ಪಂಚಾಂಗ ಗೊತ್ತಿಲ್ಲ ಓಬಳೇಶಣ್ಣ. ಜ್ವರ ಬಂದಿರೋವಕ್ಕೆ ಸೂಜಿ ಹಾಕ್ತೀನಿ. ಉಳಿದದ್ದು ನಿಮ್ ಕೆಲಸ. ಒಂದೇ ದಿನ ಎಲ್ಲಾ ಕುರಿಗೂ ಮದ್ದಿನ ನೀರು ಹಾಕ್ರಿ, ಗೋಡೆಗೂ ಹಾಕ್ರಿ. ಒಂದು ಬಿಟ್ರೂ ಎಲ್ಲಾ ಬಿಟ್ಟ ಹಾಗೇ. ಮಂದೆ ಉಳಿಯಲ್ಲ."

ಆಕೆ ಸೂಜಿ ಹಾಕಿ ಹೋದ ಮೇಲೆ ಓಬಳೇಶ ತಾಯಿಯ ಮುಖ ನೋಡಿದ. ಏಕನಾಥಮ್ಮ ಟಗರಿನ ಹಗ್ಗ ಹಿಡಿದು ನಿಂತಿದ್ದಳು.

"ಇದನ್ನ ಜಗುಲಿ ಮುಂದೆ ಬೇರೆ ಕಟ್ತೀನಿ. ಯುಗಾದಿ ತಂಕ ಅಷ್ಟೇ," ಎಂದಳು.

ಮದ್ದು ಹಾಕಿದರು. ಟಗರನ್ನು ಬೇರೆ ಕಟ್ಟಿದರು. ಆದರೆ ಸಂಜೆ ಮಂದೆ ಬಂದು ರೊಪ್ಪದ ಬಾಗಿಲಲ್ಲಿ ನಿಂತುಬಿಟ್ಟಿತು. ಯಾವಾಗಲೂ ಟಗರಿನ ಗಂಟೆಯ ಹಿಂದೆಯೇ ಒಳಗೆ ಹೋಗಿ ರೂಢಿಯಾಗಿದ್ದ ಕುರಿಗಳು ಹೊಡೆದರೂ ಬಡಿದರೂ ಹೊಸ್ತಿಲು ದಾಟಲಿಲ್ಲ. ಕತ್ತಲಾಗುತ್ತ ಬಂತು.

"ಅವ್ವಾ, ಒಂದು ಗಳಿಗೆ ಅದನ್ನ ಕರ್ಕಂಬಾ. ಒಳಗೆ ಹೋಗಿ ಬರ್ಲಿ," ಎಂದ ಓಬಳೇಶ ಸೋತು.

ಅವಳು ಕರೆತಂದಳು. ಟಗರು ಗಂಟೆ ಆಡಿಸುತ್ತ ಮುಂದೆ ನಡೆಯಿತು, ಮಂದೆ ಹಿಂದೆ ನಡೆಯಿತು. ಅವಳು ಅದನ್ನು ಒಳಗೆ ಒಂದು ಸುತ್ತು ಹಾಕಿಸಿ ಹೊರಗೆ ತಂದಳು. ಮರುದಿನವೂ ಹಾಗೇ ಮಾಡಿದಳು. ದಿನಾ ಸಂಜೆ ಹಾಗೇ ಆಯಿತು. ಒಂದು ಗಳಿಗೆಯಲ್ಲಿ ಏನಾದೀತು ಎಂದು ತಾಯಿ ಮಗ ಇಬ್ಬರೂ ಅಂದುಕೊಂಡರು.

ಶಿವರಾತ್ರಿಯ ಹೊತ್ತಿಗೆ ಮರಿಗಳು ಸಾಯತೊಡಗಿದವು.

ಒಂದು ಬೆಳಗ್ಗೆ ಸೊಸೆ ದೇವಿಕಾ ಮಡಿಲಲ್ಲಿ ಮರಿಯೊಂದನ್ನು ಎತ್ತಿಕೊಂಡು ಬಂದಳು. ಅದಕ್ಕೆ ಕತ್ತು ನಿಲ್ಲುತ್ತಿರಲಿಲ್ಲ. ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. "ಅತ್ತೆಮ್ಮ, ಮೊಲೆ ಬಾಯಿಗಿಟ್ರೂ ಚೀಪ್ತಾ ಇಲ್ಲ," ಎಂದಳು. ಅತ್ತೆಗೆ ಎದುರಾಡಿ ಗೊತ್ತಿಲ್ಲದ ಹೆಣ್ಣು. ಮರಿಯ ತಲೆ ಸವರುತ್ತ, "ಮೇಡಮ್ಮೋರು ಫೋನಲ್ಲಿ ಕೇಳಿದ್ರು, ಯಾವ್ದಾದ್ರೂ ಬಿಟ್ಟೀರೇನು ಅಂತ. ಇವ್ರು ಇಲ್ಲ ಅಂದ್ರು," ಎಂದು ತಲೆ ತಗ್ಗಿಸಿದಳು.

ಏಕನಾಥಮ್ಮ ಎದ್ದು ಟಗರಿನ ಹತ್ತಿರ ಹೋದಳು. ಅದು ಎಂದಿನಂತೆ ದುಂಡಗೆ ನಿಂತಿತ್ತು. ಅಷ್ಟು ದಿನ ಮೇಲೆ ಮೇಲೆ ಸವರುತ್ತಿದ್ದವಳು ಅಂದು ಎರಡೂ ಕೈಯಿಂದ ಬೆನ್ನಿನ ತುಪ್ಪಟವನ್ನು ಸೀಳಿ ಬುಡದವರೆಗೆ ಬೆರಳಿಳಿಸಿದಳು. ಕೈಗೆ ಮಾಂಸ ಸಿಗಲಿಲ್ಲ. ಚರ್ಮ ಸಿಕ್ಕಿತು, ಚರ್ಮದ ಕೆಳಗೆ ಎಲುಬು ಸಿಕ್ಕಿತು. ಎಲುಬು ಎಲುಬಿನ ನಡುವೆ ಹರಳುಬೀಜ ಒತ್ತಿಟ್ಟ ಹಾಗೆ ಉಣ್ಣಿಗಳು ರಕ್ತ ತುಂಬಿಕೊಂಡು ನುಣ್ಣಗೆ, ಸಾಲು ಸಾಲಾಗಿ ಕೂತಿದ್ದವು. ಅವಳು ನೋಡುತ್ತಿದ್ದಂತೆ ಹೊಟ್ಟೆ ತುಂಬಿದ ಉಣ್ಣಿಯೊಂದು ಹಿಡಿತ ಬಿಟ್ಟು ನೆಲಕ್ಕೆ ಬಿತ್ತು. ಮೆಲ್ಲಗೆ, ಆತುರವಿಲ್ಲದೆ, ಜಗುಲಿಯ ಕಲ್ಲಿನ ಸಂದಿಯ ಕಡೆಗೆ ಹೊರಟಿತು.

ದಿನಾ ಸಂಜೆ ತಾನೇ ಹಗ್ಗ ಹಿಡಿದು ಒಳಗೆ ಸುತ್ತು ಹಾಕಿಸಿದ್ದು ಅವಳಿಗೆ ನೆನಪಾಯಿತು.

ಅವಳು ಒಳಗೆ ಹೋಗಿ, ಸೂರಿಗೆ ಸಿಕ್ಕಿಸಿದ್ದ ಗಂಡನ ಕುರಿಕತ್ತರಿ ತೆಗೆದುಕೊಂಡು ಬಂದಳು. ತುಕ್ಕು ಹಿಡಿದಿತ್ತು. ಬೀರಪ್ಪನ ಗುಡಿಯ ದಿಕ್ಕಿಗೆ ತಿರುಗಿ ಕೈ ಮುಗಿದಳು.

"ಅಪ್ಪಾ, ನಿನ್ ಕಂಬಳಿ ಇವು ಮೊದ್ಲೇ ಹೊದ್ಕಂಡಾವೆ. ನಾನು ಮಾತು ಮುರೀತೀನಿ. ಏನು ಬಂದ್ರೂ ನನ್ ತಲೆ ಮೇಲೇ ಬರ್ಲಿ. ಮಂದೆ ತಲೆ ಮೇಲೆ ಬ್ಯಾಡ."

"ಅವ್ವಾ, ಕೊಡು ನಾನು ಕತ್ತರಿಸ್ತೀನಿ," ಎಂದು ಓಬಳೇಶ ಓಡಿ ಬಂದ.

"ನೀನು ಮುಟ್ಟಬ್ಯಾಡಲೇ. ಹೊತ್ತವಳು ನಾನು. ಕಾಲು ಗಟ್ಟಿಗೆ ಹಿಡ್ಕ, ಅಷ್ಟು ಸಾಕು."

ತುಪ್ಪಟ ಚಾಪೆಯ ಹಾಗೆ ಸುರುಳಿ ಬಿಚ್ಚಿ ಬಂತು. ಒಳಮಗ್ಗುಲು ಪೂರಾ ಮಿಸುಗಾಡುತ್ತಿತ್ತು. ದೇವಿಕಾ ಬಾಯಿಗೆ ಸೆರಗು ಒತ್ತಿಕೊಂಡಳು. ಒಂದು ಎಳೆಯನ್ನೂ ಉಳಿಸದೆ ಎಲ್ಲವನ್ನೂ ಬೆಂಕಿಗೆ ಹಾಕಿದರು. ದೇವರ ಕಂಬಳಿಯಾಗಬೇಕಾಗಿದ್ದದ್ದು ಕಮಟು ನಾತ ಬಿಟ್ಟು ಉರಿಯಿತು. ಅದರೊಳಗಿಂದ ಸಾಸಿವೆ ಸಿಡಿದಂತೆ ಚಟಚಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಮದ್ದಿನ ನೀರು ಹಾಕಿದ ಮೇಲೆ ಟಗರು ಗಡಗಡ ನಡುಗುತ್ತ ನಿಂತಿತು. ದೊಡ್ಡ ತಲೆ, ದೊಡ್ಡ ಕೊಂಬು, ನಡುವೆ ಹಂದರದಂಥ ಮೈ. ಅಷ್ಟರಲ್ಲಿ ಬಂದ ಎತ್ತಪ್ಪ ಬೈಕಿನಿಂದ ಇಳಿದು ಮದ್ದಿನ ಬಕೆಟ್ಟಿಗೆ ಕೈ ಹಾಕಿದ.

ಮತ್ತೆ ಎಲ್ಲಾ ಕುರಿಗೂ ಮದ್ದು ಹಾಕಿದರು. "ಈ ರೊಪ್ಪ ಬ್ಯಾಡ. ಸಂದಿ ಇಲ್ಲದ ಬಂಡೆ ಮೇಲಕ್ಕೆ ಹೋಗಾಣ," ಎಂದಳು ಏಕನಾಥಮ್ಮ. ಬೋಳು ಟಗರಿನ ಕೊರಳಿಗೆ ಗಂಟೆ ಕಟ್ಟಿದಳು. ಅದು ಒಂದೆರಡು ಸಲ ಮುಗ್ಗರಿಸಿತು. ಆದರೂ ಮುಂದೆ ನಡೆಯಿತು. ಕುರಿಗಳು ಗುರುತು ಸಿಗದೆ ಅನುಮಾನಿಸಿ, ಕೊನೆಗೆ ಗಂಟೆಯ ಹಿಂದೆ ಹೊರಟವು. ಬಂಡೆಯ ಮೇಲೆ ಮುಳ್ಳುಬೇಲಿ ಎಳೆದು ಮಂದೆ ತರುಬಿದರು. ಮೂರನೆಯ ದಿನ ದೇವಿಕಾಳ ಮಡಿಲಿನ ಮರಿ ತಾಯಿಯ ಮೊಲೆ ಹುಡುಕಿ ಒಂದು ಗುಟುಕು ಎಳೆಯಿತು. ಆ ರಾತ್ರಿ ಟಗರು ಸತ್ತಿತು.

ಮರುದಿನ ಮಧ್ಯಾಹ್ನ ಏಕನಾಥಮ್ಮ ನೀರಿನ ಬಾನಿ ತರಲು ಹಳೆಯ ರೊಪ್ಪಕ್ಕೆ ಬಂದಳು. ಬಿಸಿಲು ಚುರುಗುಟ್ಟುತ್ತಿತ್ತು. ಬಾಗಿಲು ತೆಗೆದು ನಡುವೆ ನಿಂತಾಗ, ಗೋಡೆಯಿಂದ ಮಣ್ಣು ಉದುರುತ್ತಿದೆ ಎಂದುಕೊಂಡಳು. ಬಗ್ಗಿ ನೋಡಿದಳು. ಮಣ್ಣಲ್ಲ. ಮದ್ದು ತಾಗದ ಆಳದ ಸಂದಿಗಳಿಂದ ಅವು ಇಳಿಯುತ್ತಿದ್ದವು, ಕುರಿಗಳು ಮಲಗುತ್ತಿದ್ದ ಜಾಗಕ್ಕೆ ಬರುತ್ತಿದ್ದವು. ಅಲ್ಲಿ ಕುರಿ ಇರಲಿಲ್ಲ. ಅವು ಒಂದು ಕ್ಷಣ ನಿಂತು ಮುಂಗಾಲು ಎತ್ತಿ ಗಾಳಿಯನ್ನು ತಡವಿದವು.

ಆ ನಾಲ್ಕು ಗೋಡೆಗಳ ನಡುವೆ ಈಗ ಬೆಚ್ಚಗಿದ್ದ ಜೀವ ಅವಳದೊಂದೇ. ಅವು ಅವಳ ಪಾದದ ಕಡೆಗೆ ತಿರುಗಿದವು.