ಖಾಲಿ ವ್ಯಾನಿನ ಹಳದಿ ಫಲಕ

ಮುದುಕನಿಗೆ ಅರಳುಮರಳು ಅಂತ ನಗುವವರು ನಗಿ. ನಿನ್ನೆ ಏನು ಉಂಡೆನೋ ಮರೆತಿರಬಹುದು, ಪಕ್ಕದ ಮನೆ ಡ್ರೈವರನ ವ್ಯಾನು ಮರೆತಿಲ್ಲ. ಸುಮ್ಮನೆ ಕೇಳಿ.

ಆಸ್ಪತ್ರೆಗಳಿಗೆ ವಿಕಿರಣದ ಔಷಧಿ ಮುಟ್ಟಿಸುವುದು ಅವನ ಕೆಲಸ. ಆ ಔಷಧಿಯ ಸೀಸದ ಡಬ್ಬಿಗಳು ಒಳಗಿದ್ದಾಗ ವ್ಯಾನಿನ ಎರಡು ಪಕ್ಕಕ್ಕೂ ಹಿಂದಕ್ಕೂ ‘ವಿಕಿರಣ ಇದೆ, ದೂರವಿರಿ’ ಅನ್ನುವ ಹಳದಿ ಫಲಕ ಇರಬೇಕು. ಡಬ್ಬಿ ಇಳಿಸಿದ ಮೇಲೆ ಅದನ್ನೂ ತೆಗೆಯಬೇಕು. ಇವನು ತೆಗೆಯುತ್ತಲೇ ಇರಲಿಲ್ಲ.

“ಖಾಲಿ ಗಾಡಿಗೆ ಅದ್ಯಾಕ್ರೀ?” ಎಂದು ಹೆಂಡತಿ ಕೇಳಿದರೆ, “ಅದಿದ್ರೆ ನಮ್ಮ ಬಾಗಿಲ ಮುಂದೆ ಒಬ್ಬನೂ ಗಾಡಿ ನಿಲ್ಲಿಸಲ್ಲ ಕಣೇ. ಬಿಟ್ಟಿ ಕಾವಲುಗಾರ!” ಎಂದು ಮೀಸೆಯಲ್ಲೇ ನಗುತ್ತಿದ್ದ.

ಮೊದಮೊದಲು ಬೀದಿಯೇ ಹೆದರಿತು. ಬರಬರುತ್ತಾ ಹೆದರಿಕೆ ಸವೆಯಿತು. ಮಕ್ಕಳು ಫಲಕಕ್ಕೇ ಗುರಿಯಿಟ್ಟು ಚೆಂಡು ಹೊಡೆದರು. ಅವನ ಬಸುರಿ ಸೊಸೆ, ಬಿಸಿಲಿಗೆ ಕಾದ ವ್ಯಾನಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು; ಸೊಂಟದ ನೋವಿಗೆ ಆ ಬಿಸಿ ಹಿತವಂತೆ.

ಒಂದು ಮಧ್ಯಾಹ್ನ ಡಬ್ಬಿ ತುಂಬಿಕೊಂಡು ಹೊರಟವನು, ಮರೆತ ಕನ್ನಡಕಕ್ಕೆಂದು ಮನೆಗೆ ತಿರುಗಿದ. ಒಳಗೆ ಹೋಗಿ ಬರುವಷ್ಟರಲ್ಲಿ ಸೊಸೆ ಫಲಕಕ್ಕೇ ಒರಗಿ, ಕಣ್ಣು ಮುಚ್ಚಿ, ಹೊಟ್ಟೆ ಸವರಿಕೊಳ್ಳುತ್ತಿದ್ದಳು.

“ಏಯ್, ಈಚೆ ಬಾ! ಫಲಕ ಕಾಣ್ಸಲ್ವಾ?”

ಅವಳು ಬೆಚ್ಚಿ ಸರಿದಳು. “ದಿನಾ ಇರುತ್ತಲ್ಲ ಮಾವ... ಇವತ್ತು ಮಾತ್ರ ನಿಜ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?”

ಊರಿಗೆಲ್ಲ ಬಾಯಿ ಜೋರು ಮಾಡುವ ಗಂಡಸು, ಅವಳನ್ನು ಒಳಕ್ಕೆ ಕಳಿಸಿ ನೆಟ್ಟಗೆ ವ್ಯಾನು ಹತ್ತಿ ಹೊರಟ.

ಆಸ್ಪತ್ರೆಯಲ್ಲಿ ಔಷಧಿ ಇಳಿಸಿ, ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಮೇಡಂ ಮುಂದೆ ಎಲ್ಲ ಹೇಳಿದ. ಆಕೆ ಡಬ್ಬಿಗಳಿಂದ ಹೊರಬರುವ ವಿಕಿರಣವನ್ನು ಅಳೆದು ನೋಡಿದರು.

“ಹೆದರ್ಬೇಡಿ, ಅಷ್ಟರಲ್ಲಿ ಮಗುಗೆ ಏನೂ ಆಗಲ್ಲ. ಆದ್ರೆ ತುಂಬಿದ ಗಾಡೀನ ಮನೆ ಮುಂದೆ ನಿಲ್ಲಿಸ್ತಾರೇನ್ರೀ? ನಾಳೆ ದಾರೀಲಿ ಅಪಘಾತ ಆದ್ರೆ ಜನ ದೂರ ನಿಲ್ಲೋದು ಆ ಫಲಕ ನೋಡಿ. ಅದು ದಿನಾ ಸುಳ್ಳು ಹೇಳಿದ್ರೆ ಯಾರು ನಂಬ್ತಾರೆ?”

ಸಂಜೆ ಬಂದಾಗ ಬಾಗಿಲ ಮುಂದೆ ಯಾರದೋ ಕಾರು ನಿಂತಿತ್ತು. ಅವನು ಬೈಯಲಿಲ್ಲ. ಬೀದಿಯ ಕೊನೆಯಲ್ಲಿ ವ್ಯಾನು ನಿಲ್ಲಿಸಿ ಬಂದು ಸೊಸೆಯನ್ನು ಕರೆದ.

“ಬಾಮ್ಮಾ, ಬಿಸಿ ಇನ್ನೂ ಆರಿಲ್ಲ. ಬೆನ್ನು ಕೊಡು.”

ಅವಳು ವ್ಯಾನಿನ ಸುತ್ತ ನಡೆದು ಎಲ್ಲ ಕಡೆಯೂ ನೋಡಿದಳು. ಫಲಕಗಳಿದ್ದ ಜಾಗದಲ್ಲಿ ಧೂಳಿಲ್ಲದ ಚೌಕಗಳು ಮಾತ್ರ ಇದ್ದವು. ಆಮೇಲೆ ಮೆಲ್ಲಗೆ ಒರಗಿದಳು. ಮಾವ ಅವಳ ಚಪ್ಪಲಿ ಹತ್ತಿರ ಸರಿಸಿ, ಮುಖ ಆಚೆ ತಿರುಗಿಸಿ ನಿಂತ.

ನಿಮಗೆ ಗೊತ್ತಿರುವ ಡ್ರೈವರುಗಳಿಗೆಲ್ಲ ಇದನ್ನು ಕಳಿಸಿ. ನನ್ನ ಗೊಣಗಾಟ ಬೇಡವೆಂದರೆ ಬಿಟ್ಟುಬಿಡಿ. ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.